ಹೊಸ ಪುಟದ ಡಿಟೋ

ಅಮೆರಿಕದ ಒಂದು ಹಳ್ಳಿಗೆ ಉಪಕಾರ ಮಾಡಬೇಕೆಂಬ ಉದ್ದೇಶ ನನಗೆ ಖಂಡಿತ ಇರಲಿಲ್ಲ. ಇದ್ದದ್ದು ನಮ್ಮ ಎಚ್‌ಆರ್‌ನವರಿಗೆ. 2021ರ ಜುಲೈ ತಿಂಗಳು. ನಾವು ನೆಲೆಸಿದ ಪರದೇಶದ ಬಂದರು ಊರು ಕ್ಲಾಂಗಿನಲ್ಲಿ, ಕೊರೋನಾ ಎಂದು ನಮ್ಮ ಬೀದಿಯ ಎರಡೂ ತುದಿಗೆ ಮುಳ್ಳುತಂತಿ ಬಿಗಿದಿದ್ದರು. ಅಲ್ಲಿನ ರಾಜಧಾನಿಯ ಮಾಂಟ್ ಕಿಯಾರಾದಲ್ಲಿದ್ದ ನನ್ನ ಆಫೀಸು ಊಟದ ಮೇಜಿನ ಮೇಲೆ ಬಂದು ಕೂತು ಒಂದು ವರ್ಷ ದಾಟಿತ್ತು. ಗಂಡ ಗುರುದತ್‌ಗೆ ಬಂದರಿನಲ್ಲಿ ಸರಕು ಸಾಗಣೆಯ ಕೆಲಸ, ಅವನಿಗೆ ಪಾಸ್ ಇತ್ತು. ಬೆಳಗ್ಗೆ ಹೋದರೆ ಸಂಜೆಯೇ ಅವನ ಮುಖ ಕಾಣುವುದು. ಉಳಿದವರು ನಾನು, ಮಾವ. ಅಂಥ ಹೊತ್ತಿನಲ್ಲಿ ಕಂಪನಿಯವರು ಎಲ್ಲರೂ ಆನ್‌ಲೈನಿನಲ್ಲಿ ಇಪ್ಪತ್ತು ಗಂಟೆ ಸಮಾಜಸೇವೆ ಮಾಡಿ ಪಟ್ಟಿಯಲ್ಲಿ ತುಂಬಿ ಎಂದು ಮೇಲ್ ಕಳಿಸಿದರು. ಕ್ಯಾಮೆರಾ ಮುಂದೆ ಕೂತು ನಗುಮುಖ ಮಾಡಬೇಕಾಗಿಲ್ಲದ ಸೇವೆ ಯಾವುದಿದೆ ಎಂದು ಹುಡುಕಿದೆ. ಹಳೆಯ ಕೈಬರಹ ಓದಿ ಟೈಪ್ ಮಾಡುವುದೊಂದು ಸಿಕ್ಕಿತು. ಕಣ್ಣುಮುಚ್ಚಿ ಅದನ್ನೇ ಒತ್ತಿದೆ.

ಬಂದದ್ದು ವಿಲ್ಲೋ ಫೋರ್ಕ್ ಎಂಬ ಊರಿನ ಸ್ಮಶಾನದ ರಿಜಿಸ್ಟರು. ಡಕೋಟಾ ಸೀಮೆಯ ಬಯಲಲ್ಲಿರುವ ಊರು, ಈಗ ನೂರ ನಲವತ್ತು ಜನ. 1873ರಲ್ಲಿ ಹನ್ನೊಂದು ಗಾಡಿಗಳಲ್ಲಿ ಬಂದವರು ಊರು ಕಟ್ಟಿದರಂತೆ. ಮರವೇ ಇಲ್ಲದ ಜಾಗ. ಹುಲ್ಲು ಬೇರುಬಿಟ್ಟ ನೆಲವನ್ನು ಹೆಂಟೆ ಹೆಂಟೆಯಾಗಿ ಕಡಿದು, ಅದನ್ನೇ ಒಂದರ ಮೇಲೊಂದಿಟ್ಟು ಮನೆ ಎಬ್ಬಿಸಿದವರು. ಗುಡ್ಡದ ಮೇಲೆ ಅವರು ನೆಟ್ಟ ಮರದ ಶಿಲುಬೆಗಳು ಮುಂದೊಂದು ವರ್ಷ ಹುಲ್ಲಿಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದವು. ಈಗ ಊರವರು ಸೇರಿ, ಆ ಮೊದಲ ಜನರ ಹೆಸರನ್ನೆಲ್ಲ ಒಂದೇ ಕಲ್ಲಿನಲ್ಲಿ ಕೆತ್ತಿಸುವವರಿದ್ದರು. ಆಗಸ್ಟ್ ಕೊನೆಗೆ ಪಟ್ಟಿ ಕಲ್ಲುಕುಟಿಗನ ಕೈಸೇರಬೇಕು. ರಿಜಿಸ್ಟರನ್ನು ಮತ್ತೊಮ್ಮೆ ಓದಿಸುತ್ತಿದ್ದದ್ದು ಅದಕ್ಕೆ.

ಮೊದಲ ಪುಟ ತೆರೆದೆ. ಒಂದಕ್ಷರ ಹತ್ತಲಿಲ್ಲ. ಕಂದು ಶಾಯಿ, ಬಳುಕಿದ ಬರಹ, ಅಲ್ಲಲ್ಲಿ ನೀರಿನ ಕಲೆ. ಹತ್ತು ನಿಮಿಷ ದುರುಗುಟ್ಟಿ ನೋಡಿ ತಲೆ ಚಿಟ್ಟುಹಿಡಿದು ಚಹಾ ಮಾಡಲು ಎದ್ದೆ. ಬರುವಷ್ಟರಲ್ಲಿ ಮಾವ ನನ್ನ ಕುರ್ಚಿಯಲ್ಲಿ ಕೂತಿದ್ದರು.

"ಇವ ಟಿ ಅಕ್ಷರಕ್ಕೆ ಅಡ್ಡಗೆರೆ ಕಡೇಗೆ ಹಾಕ್ತಾನೆ, ಪೂರಾ ಸಾಲು ಬರೆದಾದ ಮೇಲೆ," ಎಂದರು. "ಜಾನ್ಸನ್ ಅಲ್ಲ ಇದು, ಜೆನ್ಸನ್. ಬರ್ಕೊ."

ಮಾವ ಸುಬ್ರಾಯರು ಪುತ್ತೂರಿನವರು. ಮುಂಬಯಿಯಲ್ಲಿ ಹಡಗು ಏಜೆಂಟರೊಬ್ಬರ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು, 1981ರಲ್ಲಿ ಕ್ಲಾಂಗ್ ಬಂದರಿಗೆ ಬಂದರು. ಮೂವತ್ತು ವರ್ಷ ಅವರದು ಟ್ಯಾಲಿ ಕೆಲಸ. ಹಡಗಿನಿಂದ ಇಳಿದ ಸರಕನ್ನು ಪಟ್ಟಿಯ ಜೊತೆ ತಾಳೆ ನೋಡುವುದು. ಪಟ್ಟಿ ಬರೆದವನು ಗ್ರೀಕನೋ ಬರ್ಮಾದವನೋ, ಬರೆದದ್ದು ಅಲೆಯ ಮೇಲೋ ಮಳೆಯಲ್ಲೋ, ಮಾವನಿಗೆ ಅದನ್ನು ಓದಲೇಬೇಕಿತ್ತು. ಕಂಪ್ಯೂಟರ್ ಬಂದಮೇಲೆ ಆ ವಿದ್ಯೆ ಯಾರಿಗೂ ಬೇಡವಾಯಿತು. ನಿವೃತ್ತಿಯಾದ ಮೇಲೆ ಸಂಜೆ ತಮಿಳು ಮುಸಲ್ಮಾನರ ಮಾಮಕ್ ಅಂಗಡಿಗೆ ಹೋಗಿ ತೆಹ್ ತಾರಿಕ್ ಎಂಬ ನೊರೆಚಹಾ ಕುಡಿಯುವುದು, ಪೇಪರು ಓದುವುದು, ನನ್ನ ಸಾರಿಗೆ ಹುಳಿ ಕಮ್ಮಿ ಎನ್ನುವುದು, ಇಷ್ಟೇ ಅವರ ದಿನಚರಿ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ನಾನು ಅವರ ಕೆಲಸದ ಬಗ್ಗೆ ಒಂದು ದಿನ ಕೇಳಿದವಳಲ್ಲ. ಬಂದರಿನಲ್ಲಿ ಚೀಲ ಎಣಿಸುತ್ತಿದ್ದರು ಎಂದಷ್ಟೇ ತಿಳಿದಿದ್ದೆ. ನಾಚಿಕೆಯಾಗಬೇಕು, ಆಗುತ್ತದೆ.

ಅವರು ಓದುವ ರೀತಿ ನೋಡಿ ನಾನು ಬೆರಗಾದೆ. ಮೊದಲು ಓದುತ್ತಲೇ ಇರಲಿಲ್ಲ. ಒಂದು ಖಾಲಿ ಹಾಳೆಯ ಮೇಲೆ ಆ ಬರಹವನ್ನು ಹಾಗೆಯೇ ನಕಲು ಮಾಡುತ್ತಿದ್ದರು, ಅದೇ ಓರೆ, ಅದೇ ಬಳುಕು. ಎರಡು ದಿನ ಹೀಗೆ ಬರೆದು ಬರೆದು ಆ ನೂರ ನಲವತ್ತು ವರ್ಷದ ಹಿಂದಿನವನ ಕೈ ತಮ್ಮ ಕೈಗೆ ಬರಿಸಿಕೊಂಡರು. ಆಮೇಲೆ ಓದಿದ್ದೇ ಓದಿದ್ದು. "ಇಲ್ಲಿ ನಿಬ್ಬು ಬದಲಾಯಿಸಿದ್ದಾನೆ," ಎನ್ನುವರು. "ಇಲ್ಲಿ ಶಾಯಿ ಹೆಪ್ಪುಗಟ್ಟಿತ್ತು, ಬೆಂಕಿ ಹತ್ರ ಹಿಡಿದು ಬರ್ದದ್ದು, ನೋಡು ಮೊದಲಕ್ಷರ ದಪ್ಪ." ಒಂದು ಪುಟಕ್ಕೆ ಬೇರೆಯವರು ಒಂದು ದಿನ ತೆಗೆದುಕೊಂಡರೆ ಇವರು ಊಟಕ್ಕೆ ಮುಂಚೆ ನಾಲ್ಕು ಪುಟ ಮುಗಿಸುತ್ತಿದ್ದರು. ಇಪ್ಪತ್ತು ಗಂಟೆ ನಾಲ್ಕೇ ದಿನದಲ್ಲಿ ಮುಗಿಯಿತು. ನಾನು ಪಟ್ಟಿ ತುಂಬಿ ಕೈತೊಳೆದುಕೊಂಡೆ. ಮಾವ ಏಳಲಿಲ್ಲ.

"ಮಾವ, ಆಯ್ತಲ್ಲ, ಮೀಟಿಂಗ್ ಇದೆ ನಂಗೆ, ಲ್ಯಾಪ್‌ಟಾಪ್ ಬೇಕು."

"ಇವ್ರದ್ದು ಮುಗಿದಿಲ್ಲ ಮಾರಾಯ್ತಿ. ಸತ್ತವರನ್ನ ಅರ್ಧಕ್ಕೆ ಬಿಟ್ಟು ಏಳ್ಲಿಕ್ಕೆ ಆಗ್ತದಾ?"

ಸಿಡುಕಿದೆ, ನಿಜ. ಆದರೆ ಆ ವಾರವೇ ಐತಪ್ಪಣ್ಣ ಹೋದರು. ಮಾವನ ಜೊತೆ ಮೂವತ್ತು ವರ್ಷ ಬಂದರಿನಲ್ಲಿ ಕ್ರೇನ್ ಓಡಿಸಿದವರು, ಬಂಟ್ವಾಳದ ಕಡೆಯವರು. ಆಸ್ಪತ್ರೆಗೆ ಸೇರಿಸಿದ ಆರನೆಯ ದಿನ ಹೋಗಿಬಿಟ್ಟರು. ನೋಡಲು ಬಿಡಲಿಲ್ಲ, ಕಳಿಸಿಕೊಡಲೂ ಆಗಲಿಲ್ಲ. ಆ ಸಂಜೆ ಟಿವಿಯಲ್ಲಿ ಎಂದಿನಂತೆ ಆ ದಿನದ ಸಾವಿನ ಸಂಖ್ಯೆ ಬಂತು. ಮಾವ ಟಿವಿಯನ್ನೇ ನೋಡುತ್ತಾ, "ಇದ್ರಲ್ಲಿ ಐತಪ್ಪ ಎಷ್ಟನೆಯವ?" ಎಂದು ಕೇಳಿದರು. ಮಾರನೆಯ ಬೆಳಗ್ಗೆಯಿಂದ ಲ್ಯಾಪ್‌ಟಾಪನ್ನು ಅವರಿಗೇ ಬಿಟ್ಟು ಗುರುದತ್‌ನ ಹಳೆಯ ಡಬ್ಬಾ ಯಂತ್ರದಲ್ಲಿ ನನ್ನ ಕೆಲಸ ಶುರುಮಾಡಿದೆ.

ವಿಲ್ಲೋ ಫೋರ್ಕ್ ಕಡೆಯಿಂದ ನಮಗೆ ಮೇಲ್ ಬರೆಯುತ್ತಿದ್ದವರು ಲೊರೇನ್ ಎಂಬ ಹೆಂಗಸು, ಎಂಬತ್ತೆರಡು ವರ್ಷ. ಮಾವ ಓದಿಕೊಟ್ಟ ಪುಟಗಳನ್ನು ನೋಡಿ ಆಕೆಗೆ ಧೈರ್ಯ ಬಂದಿರಬೇಕು. ಒಂದು ದಿನ ತನ್ನ ಸ್ವಂತದ ಒಂದು ಮಾತು ಬರೆದರು. ಆಕೆಯ ಅಜ್ಜಿ ಇಡಾ ಆ ಮೊದಲ ಜನರ ಮಗು. ಸಾಯುವವರೆಗೂ ಅಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: ಗುಡ್ಡದ ಮೇಲೆ ನನ್ನವರು ನಾಲ್ವರಿದ್ದಾರೆ. ಒಡಹುಟ್ಟಿದವರು ನಾಲ್ವರು. ಆದರೆ ರಿಜಿಸ್ಟರಿನಲ್ಲಿ ಆ ಮನೆಯ ಹೆಸರು, ಲಿಂಡ್‌ಕ್ವಿಸ್ಟ್ ಎಂದು, ಒಂದೇ ಒಂದು ಇತ್ತು. ಕಾರ್ಲ್, ಒಂಬತ್ತು ವರ್ಷ. ಆಗ ಅಜ್ಜಿಗೆ ಮೂರು ವರ್ಷ, ಏನೋ ಕಲಸಿಕೊಂಡಿದ್ದಾಳೆ ಎಂದು ಊರು ನಕ್ಕಿತು. ಮನೆಯವರೂ ನಕ್ಕರು. 'ಹತ್ತೊಂಬತ್ತರ ವಯಸ್ಸಿನಲ್ಲಿ ನಾನೂ ನಕ್ಕಿದ್ದೆ, ಅಜ್ಜಿ ಮುಖ ತಿರುಗಿಸಿಕೊಂಡಳು' ಎಂದು ಲೊರೇನ್ ಬರೆದಿದ್ದರು. ಕಲ್ಲು ಕೆತ್ತಿದ ಮೇಲೆ ಮತ್ತೆ ತಿದ್ದುವವರಿಲ್ಲ. ಉಳಿದ ಮೂವರು ಎಲ್ಲಾದರೂ ಇದ್ದರೆ ದಯವಿಟ್ಟು ನೋಡಿ ಎಂದಿದ್ದರು.

ಮಾವ ಕಾರ್ಲ್ ಇದ್ದ ಪುಟ ತೆಗೆದರು. 1881ರ ಜನವರಿ, ಹನ್ನೊಂದನೆಯ ತಾರೀಕು. ಕಾರಣದ ಕಾಲಮ್ಮಿನಲ್ಲಿ ಗಂಟಲಮಾರಿ ಎಂದಿತ್ತು. ಪುಟದ ಕೊನೆಯ ಸಾಲು ಅದು. ಮುಂದಿನ ಪುಟದ ಮೇಲಿನ ಮೂರು ಸಾಲು ಡೋ ಕುಟುಂಬದ್ದು. ಎಮ್ಮಾ ಡೋ, ಪೀಟರ್ ಡೋ, ಆನಾ ಡೋ. ಇವರ ಕಥೆ ಊರಿಗೆಲ್ಲ ಗೊತ್ತು. ರೈಲು ಹಳಿ ಹಾಕಲು ಬಂದ ಚೀನಾದವನೊಬ್ಬನ ಮಕ್ಕಳಂತೆ. ಸುಮಾರು ಐವತ್ತು ವರ್ಷದ ಹಿಂದೆ ಯಾರೋ ರಿಜಿಸ್ಟರನ್ನು ಮೊದಲ ಸಲ ಟೈಪ್ ಮಾಡಿದಾಗ ಆ ಹೆಸರು ಕಂಡು ಅಚ್ಚರಿಪಟ್ಟರು. ಅಲ್ಲಿಂದ ಪ್ರತಿ ವರ್ಷ ಶಾಲೆಯ ಮಕ್ಕಳು ಆ ಮೂವರಿಗೆ ಗುಡ್ಡದ ಮೇಲೆ ಕಾಗದದ ಲಾಟೀನು ಇಟ್ಟುಬರುತ್ತಾರೆ.

ಮಾವ ಆ ಮೂರು ಸಾಲನ್ನು ಒಂದು ಸಲ ನೋಡಿದರು, ಅಷ್ಟೆ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು.

"ಎಂತ ಡೋ? ಯಾವ ಚೀನಾ?" ಎಂದರು. "ಇದು ಡಿಟೋ ಮಾರಾಯ್ತಿ. ಡಿ, ಓ, ಡಿಟೋ. ಮೇಲಿನದ್ದೇ ಕೆಳಗೂ ಅಂತ. ನಮ್ಮ ಪಟ್ಟಿಗಳಲ್ಲಿ ದಿನಕ್ಕೆ ಸಾವಿರ ಬರೀತಿದ್ದೆವು."

ನನಗೂ ಥಟ್ಟನೆ ಹೊಳೆಯಿತು. ನಮ್ಮಪ್ಪನ ಪಂಚಾಯಿತಿ ಆಫೀಸಿನ ರಿಜಿಸ್ಟರುಗಳಲ್ಲಿ ಹೀಗೇ ಪುಟಗಟ್ಟಲೆ ಇರುತ್ತಿತ್ತು. ನಮ್ಮೂರಿನ ಯಾವ ಗುಮಾಸ್ತನನ್ನು ಕೇಳಿದರೂ ಹೇಳುತ್ತಿದ್ದ. ಒಂದು ಊರಿಗೆ ಊರೇ ಐವತ್ತು ವರ್ಷ ಈ ಎರಡಕ್ಷರಕ್ಕೆ ಲಾಟೀನು ಹಚ್ಚಿದೆ. ನನಗೆ ನಗು ಬಂತು. ಮಾವ ನಗಲಿಲ್ಲ. ಅವರು ತಾರೀಕುಗಳ ಮೇಲೆ ಬೆರಳಿಟ್ಟಿದ್ದರು. ಹನ್ನೊಂದು, ಹದಿಮೂರು, ಹದಿನಾಲ್ಕು, ಹತ್ತೊಂಬತ್ತು. ಒಂಬತ್ತು ದಿನದಲ್ಲಿ ನಾಲ್ಕು. ಎಮ್ಮಾಗೆ ಏಳು ವರ್ಷ, ಪೀಟರನಿಗೆ ಐದು, ಆನಾಗೆ ಹನ್ನೊಂದು ತಿಂಗಳು. ಜಾಗದ ಸಂಖ್ಯೆಯೂ ಸಾಲಾಗಿ ಹದಿನಾಲ್ಕರಿಂದ ಹದಿನೇಳು. ನನ್ನ ನಗು ಅಲ್ಲೇ ನಿಂತಿತು.

ಮೇಲ್ ನಾನೇ ಟೈಪ್ ಮಾಡಿದೆ. ಗೊತ್ತಿಲ್ಲದ ದೇಶದವರಿಗೆ ನೀವು ಐವತ್ತು ವರ್ಷ ತಪ್ಪು ಓದಿದಿರಿ ಎಂದು ಹೇಗೆ ಬರೆಯುವುದು? 'ಬಹುಶಃ' ಎಂದು ಒಂದು ಪದ ಸೇರಿಸಿದೆ. ಕಳಿಸಿದ ಮೇಲೆ ಓದಿ ಮಾವ ಕೆಂಡವಾದರು. "ಬಹುಶಃ ಅಂತ ಯಾರು ಹೇಳಿದ್ದು ನಿಂಗೆ? ಟ್ಯಾಲಿ ಶೀಟಲ್ಲಿ ಬಹುಶಃ ಅಂತ ಬರೆದ್ರೆ ಸರಕು ಇಳೀತದಾ?" ಇಡೀ ದಿನ ನನ್ನ ಜೊತೆ ಮಾತಿಲ್ಲ. ನಾನೂ ಬಿಗುಮಾನ ಮಾಡಿಕೊಂಡು ಮೊಸರನ್ನಕ್ಕೆ ಉಪ್ಪಿನಕಾಯಿ ಬಡಿಸಲಿಲ್ಲ.

ಉತ್ತರ ಬಂದದ್ದು ಕಲ್ಲಿನ ಸಮಿತಿಯ ಮುಖ್ಯಸ್ಥ ಡ್ವೇನ್ ಎಂಬವನಿಂದ. ಸಭ್ಯ ಮನುಷ್ಯ, ಆದರೆ ಹಟಗಾರ. ಅವನ ವಾದ ಹೀಗಿತ್ತು: ಈ ರಿಜಿಸ್ಟರು ಬರೆದವನು ಯಾರೋ ತಿಳಿಯದು, ಎಲ್ಲೂ ಸಹಿಯಿಲ್ಲ. ಆದರೆ ಬಹಳ ಅಚ್ಚುಕಟ್ಟಿನವನು. ಅದೇ ಚಳಿಗಾಲದಲ್ಲಿ ಜೆನ್ಸನ್ನರ ಮನೆಯಲ್ಲಿ ಐವರು ಸತ್ತರು. ಐದು ಸಲವೂ ಜೆನ್ಸನ್ ಎಂದು ಪೂರ್ತಿ ಬರೆದಿದ್ದಾನೆ. ಇಡೀ ಪುಸ್ತಕದಲ್ಲಿ ಇನ್ನೊಂದು ಡಿಟೋ ಇಲ್ಲ. ಇದೊಂದು ಕಡೆ ಮಾತ್ರ, ಅದೂ ಹೊಸ ಪುಟದ ಮೊದಲ ಸಾಲಿನಲ್ಲಿ, ಏಕೆ ಬರೆಯುತ್ತಾನೆ? ಇದಕ್ಕೆ ಉತ್ತರವಿಲ್ಲದಿದ್ದರೆ ಕಲ್ಲಿನ ಮೇಲೆ ಡೋ ಎಂದೇ ಕೆತ್ತಿಸುತ್ತೇವೆ.

ಓದಿ ಹೇಳಿದೆ. ಮಾವ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಮೆಲ್ಲಗೆ ಕೂತರು.

"ಅವ ಹೇಳೋದು ಸರಿ ಉಂಟು," ಎಂದರು. "ಹೊಸ ಪುಟದ ತಲೆಯಲ್ಲಿ ಡಿಟೋ ಬರೀಬಾರ್ದು. ಮುಂಬಯಿಯಲ್ಲಿ ನಮ್ಮ ಹೆಡ್‌ಕ್ಲರ್ಕ್ ಗೋಪಿನಾಥ್ ಅಂತ ಇದ್ರು, ನಾನು ಹಾಗೆ ಬರೆದದ್ದಕ್ಕೆ ಹಾಳೆ ಹರಿದು ಮುಖಕ್ಕೆ ಎಸೆದಿದ್ರು. ಆ ಹಾಳೆ ಬೇರೆ ಆದ್ರೆ ಆ ಸರಕಿಗೆ ದಿಕ್ಕಿಲ್ಲ. ಇಷ್ಟು ಚಂದ ಬರೆಯುವವನಿಗೆ ಇದು ಗೊತ್ತಿಲ್ವಾ? ಗೊತ್ತುಂಟು. ಮತ್ತೆ ಯಾಕೆ ಬರೆದ?"

ಆ ಪ್ರಶ್ನೆ ಎರಡು ವಾರ ನಮ್ಮ ಮನೆಯಲ್ಲಿ ಬಿಡಾರ ಹೂಡಿತು. ಆಗಸ್ಟ್ ಇಪ್ಪತ್ತಾಯಿತು. ಮಾವ ರಿಜಿಸ್ಟರನ್ನು ಮೊದಲಿಂದ ಕೊನೆಯವರೆಗೆ ಮೂರು ಸಲ ಓದಿದರು. ಆ ಬಯಲಿನ ಮೊದಲಿನ ಒಡೆಯರಾದ ಮೂಲನಿವಾಸಿಗಳ ಒಂದು ಹೆಸರೂ ಪುಸ್ತಕದಲ್ಲಿಲ್ಲ ಎಂದು ಒಂದು ದಿನ ಗೊಣಗಿದರು. ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಏನೋ ನೋಡಿಬರುವರು. ಗುರುದತ್, "ಅಪ್ಪಾ, ಬಿಟ್ಬಿಡಿ, ಯಾವ್ದೋ ಊರಿನ ಯಾರೋ," ಎಂದಾಗ, "ನಿನ್ನ ಕಂಟೇನರ್ ಒಂದು ಕಾಣದಿದ್ರೆ ನೀನು ಬಿಡ್ತೀಯಾ?" ಎಂದರು.

ನನಗೆ ಆ ಮಕ್ಕಳ ತಾಯಿಯದೇ ಯೋಚನೆ. ನಾಲ್ಕು ಮಕ್ಕಳನ್ನು ಒಂಬತ್ತು ದಿನದಲ್ಲಿ ಆ ಗುಡ್ಡಕ್ಕೆ ಕಳಿಸಿ, ಮಿಕ್ಕ ಮೂರು ವರ್ಷದ ಮಗುವಿಗೆ ಮರುದಿನ ಗಂಜಿ ಕಾಯಿಸಿದವಳು. ಹೊರಗೆ ಹಿಮ, ಒಳಗೆ ಹುಲ್ಲುಮಣ್ಣಿನ ಗೋಡೆ, ಮಾತಾಡಲು ಕೂಗಳತೆಯಲ್ಲಿ ಒಬ್ಬರಿಲ್ಲ. ನಾನು ಫ್ರಿಜ್ಜು ತುಂಬಾ ತರಕಾರಿ ಇಟ್ಟುಕೊಂಡು, ದಿನಕ್ಕೆ ಮೂರು ಸಲ ಮೈಸೂರಿನ ಅಮ್ಮನ ಮುಖ ಫೋನಿನಲ್ಲಿ ನೋಡಿಕೊಂಡು, ಲಾಕ್‌ಡೌನ್ ಸಾಕಪ್ಪಾ ಎಂದು ಗೋಳಾಡುತ್ತಿದ್ದವಳು. ಯಾವ ಗಟ್ಟಿ ಮಣ್ಣಿನಿಂದ ಮಾಡಿದ್ದರು ಆ ಜನರನ್ನು ಎಂದು ಅನ್ನಿಸುತ್ತಿತ್ತು.

ಇಪ್ಪತ್ತನಾಲ್ಕರಂದು ಬೆಳಗ್ಗೆ ಮಾವ ನನ್ನನ್ನು ಕರೆದು, "ಆ ಅಮ್ಮನಿಗೆ ಬರಿ," ಎಂದರು. "ಮನೆಯಲ್ಲಿ ಆ ಕಾಲದ ಯಾವ ಕಾಗದ ಉಂಟೋ ಎಲ್ಲದರ ಫೋಟೋ ಕಳಿಸ್ಲಿಕ್ಕೆ ಹೇಳು. ಎಂತ ಬೇಕಾದ್ರೂ ಆಗ್ತದೆ." ಬರೆದೆ. ಈ ಸಲ ಬಹುಶಃ ಸೇರಿಸಲಿಲ್ಲ.

ಎರಡು ದಿನ ಬಿಟ್ಟು ಆರು ಫೋಟೋ ಬಂದವು. ಒಂದು ಮದುವೆಯ ಪತ್ರ, ಒಂದು ಬೈಬಲಿನ ಹಾಳೆ, ಬೀಜ ತರಿಸಿದ ಎರಡು ರಸೀದಿ. ಕೊನೆಯ ಎರಡು ಅಜ್ಜಿಯ ಅಪ್ಪ ನಿಲ್ಸ್ ಲಿಂಡ್‌ಕ್ವಿಸ್ಟ್ ಜಮೀನಿಗಾಗಿ ಸರ್ಕಾರಕ್ಕೆ ಸ್ವಂತ ಕೈಯಲ್ಲಿ ಬರೆದ ಅರ್ಜಿ. ಇಷ್ಟು ಎಕರೆ ಉತ್ತಿದ್ದೇನೆ, ಬಾವಿ ತೋಡಿದ್ದೇನೆ, ಐದು ವರ್ಷದಿಂದ ಇಲ್ಲೇ ವಾಸವಾಗಿದ್ದೇನೆ, ಹೀಗೆ. ಮನೆಯವರಿಗೆ ನೆನಪಿದ್ದ ಹಾಗೆ ಅವನು ಒಬ್ಬ ರೈತ, ಮಾತು ಕಡಿಮೆ, ಅಷ್ಟೆ.

ನಾನು ಅರ್ಜಿಯನ್ನು ಪರದೆಯ ಮೇಲೆ ದೊಡ್ಡದು ಮಾಡಿದೆ. ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅವರ ಬಲಗೈ ಮೇಜಿನ ಮೇಲೆ ತನ್ನಷ್ಟಕ್ಕೆ ಆಡತೊಡಗಿತು, ಅರ್ಜಿಯ ಮೊದಲ ಸಾಲನ್ನು ಬೆರಳಿನಿಂದ ಬರೆಯುವಂತೆ. ಆ ಕೈಗೆ ಇದು ಹೊಸ ಬರಹವಾಗಿರಲಿಲ್ಲ. ಒಂದು ತಿಂಗಳಿಂದ ಅದನ್ನೇ ಬರೆದು ಅಭ್ಯಾಸವಾಗಿತ್ತು. ಅಡ್ಡಗೆರೆ ಸಾಲು ಮುಗಿದ ಮೇಲೆ ಹಾಕಿದ ಟಿ, ಬಾಲ ಮುರಿದು ನಿಲ್ಲಿಸಿದ ಕ್ಯೂ, ನಡುವೆ ಗೆರೆ ಎಳೆದ ಏಳರ ಅಂಕಿ. ಒಂದೂ ಬಿಡದೆ ಎಲ್ಲ ಇದ್ದವು.

ರಿಜಿಸ್ಟರಿನ ಆ ಪುಟವನ್ನೂ ಅರ್ಜಿಯ ಪಕ್ಕಕ್ಕೆ ತೆರೆಸಿದರು.

"ಚಂಪಾ," ಎಂದರು ಕೊನೆಗೆ. "ಆ ರಿಜಿಸ್ಟರು ಬರೆದವ ಯಾರೋ ಗುಮಾಸ್ತ ಅಲ್ಲ ಮಗಾ. ಅಪ್ಪ. ಈ ನಿಲ್ಸೇ ಬರ್ದದ್ದು."

ನಾನು ಕುರ್ಚಿ ಎಳೆದು ಅವರ ಪಕ್ಕದಲ್ಲಿ ಕೂತೆ.

"ಊರಿನವರ ಮಕ್ಕಳದ್ದೆಲ್ಲ ಪೂರ್ತಿ ಹೆಸರು ಬರ್ದಿದ್ದಾನೆ. ತನ್ನ ಕಾರ್ಲ್‌ನದ್ದೂ ಬರ್ದ. ಅಲ್ಲಿಗೆ ಪುಟ ಮುಗೀತು. ಎರಡು ದಿನಕ್ಕೆ ಹೊಸ ಪುಟ ತೆಗೆದು ಮಗಳದ್ದು ಬರೀಬೇಕು. ತನ್ನ ಮನೆ ಹೆಸರು ಇನ್ನೊಂದು ಸಲ ಬರೀಲಿಕ್ಕೆ ಕೈ ಬರ್ಲಿಲ್ಲ ಅವನಿಗೆ." ಮಾವ ಪರದೆಯ ಮೇಲಿನ ಆ ಎರಡಕ್ಷರವನ್ನು ತೋರಿಸಿದರು. "ಡಿಟೋ ಅಂತ ಬರ್ದ. ಮೂರು ಸಲ."

ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ. ನೂರ ನಲವತ್ತು ವರ್ಷ ಅವನ ಮನೆಯವರಿಗೇ ಗೊತ್ತಿಲ್ಲದ ಒಂದು ಸಂಕಟ, ಕ್ಲಾಂಗಿನ ಒಂದು ಸಾಲುಮನೆಯಲ್ಲಿ, ಹುಳಿ ಕಮ್ಮಿ ಎಂದು ಗೊಣಗುವ ನನ್ನ ಮಾವನ ಕೈಗೆ ತಿಳಿದಿತ್ತು.

ಅರ್ಜಿಯ ಅಕ್ಷರಗಳನ್ನೂ ರಿಜಿಸ್ಟರಿನ ಅಕ್ಷರಗಳನ್ನೂ ಕತ್ತರಿಸಿ ಪಕ್ಕಪಕ್ಕ ಇಟ್ಟು, ಮಾವ ಹೇಳಿದಂತೆ ಇಪ್ಪತ್ತೆರಡು ಗುರುತು ಹಾಕಿ ಆ ದಿನವೇ ಕಳಿಸಿದೆ. ಮೂವತ್ತರಂದು ಡ್ವೇನ್‌ನ ಉತ್ತರ ಬಂತು. ಸಮಿತಿ ಕೂತು ನೋಡಿದೆ, ಯಾರಿಗೂ ಎದುರಾಡಲು ಏನೂ ಉಳಿದಿಲ್ಲ ಎಂದಿದ್ದ. ಮಕ್ಕಳ ಲಾಟೀನು ನಿಲ್ಲಿಸುವುದಿಲ್ಲ, ಮೂರರ ಬದಲು ನಾಲ್ಕು ಇಡುತ್ತಾರೆ. ಕಲ್ಲಿನಲ್ಲಿ ಲಿಂಡ್‌ಕ್ವಿಸ್ಟ್ ಎಂದು ಒಮ್ಮೆ ಕೆತ್ತಿ ಅದರ ಕೆಳಗೆ ನಾಲ್ಕು ಮಕ್ಕಳ ಹೆಸರಿಟ್ಟರೆ ಅಂದವಾಗಿ ಕಾಣುತ್ತದೆ, ಸುಬ್ರಾಯರ ಅಭಿಪ್ರಾಯವೇನು ಎಂದು ಕೇಳಿದ್ದ.

"ಬೇಡ ಹೇಳು," ಎಂದರು ಮಾವ. "ಒಬ್ಬೊಬ್ಬರಿಗೆ ಒಂದೊಂದು ಸಾಲು, ಪೂರ್ತಿ ಹೆಸರು. ಅಪ್ಪನಿಗೆ ಕೈ ಬರ್ಲಿಲ್ಲ. ಕಲ್ಲಿಗೆ ಎಂತ ಕಷ್ಟ?"

ಅಕ್ಟೋಬರಿನಲ್ಲಿ ಕಲ್ಲು ನಿಂತಿತು. ನಮಗೆ ಬೆಳಗ್ಗೆ ಏಳು, ಅವರಿಗೆ ಹಿಂದಿನ ದಿನದ ಸಂಜೆ ಆರು. ಲೊರೇನ್ ವಿಡಿಯೋ ಕರೆ ಮಾಡಿದರು. ಮಾವ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಆರೂವರೆಗೇ ಕೂತಿದ್ದರು. ಗುರುದತ್ ಕೂಡ ಬಂದರಿಗೆ ತಡವಾಗಿ ಹೋಗುತ್ತೇನೆಂದು ಹಿಂದೆ ನಿಂತ. ಪರದೆಯಲ್ಲಿ ಕಂಡದ್ದು ಆಕಾಶ, ಹಳದಿ ಹುಲ್ಲು, ಗಾಳಿ. ಅಂಥ ವಿಸ್ತಾರವನ್ನು ನಾನು ನೋಡಿದವಳಲ್ಲ. ಅಷ್ಟು ದೊಡ್ಡ ಬಯಲಿನ ನಡುವೆ ಮಾಸ್ಕ್ ಹಾಕಿದ ಮೂವತ್ತು ಜನ ದೂರ ದೂರ ನಿಂತಿದ್ದರು. ಕಲ್ಲಿನ ಮುಂದೆ ಕುರ್ಚಿಯಲ್ಲಿ ಲೊರೇನ್.

ಮನೆಮನೆಯವರು ತಮ್ಮ ತಮ್ಮವರ ಹೆಸರು ಓದಬೇಕೆಂದು ಇತ್ತು. ಲೊರೇನ್ ಸರದಿ ಬಂತು. "ಕಾರ್ಲ್ ಲಿಂಡ್‌ಕ್ವಿಸ್ಟ್," ಎಂದರು. ಆಮೇಲೆ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದರು. ಆಗಲಿಲ್ಲ. ಫೋನನ್ನು ಕಲ್ಲಿನ ಕಡೆ ತಿರುಗಿಸಿ, "ನೀವು ಓದಿ," ಎಂದರು ಮಾವನಿಗೆ.

ಮಾವ ಎದ್ದು ನಿಂತರು. ಮೂವತ್ತು ವರ್ಷ ಹಡಗುಕಟ್ಟೆಯಲ್ಲಿ ಪಟ್ಟಿ ಕೂಗಿದ ಗಂಟಲು ಅದು. ಅವಸರವಿಲ್ಲದೆ, ಒಂದಕ್ಷರ ನುಂಗದೆ ಓದಿದರು.

"ಎಮ್ಮಾ ಲಿಂಡ್‌ಕ್ವಿಸ್ಟ್. ಪೀಟರ್ ಲಿಂಡ್‌ಕ್ವಿಸ್ಟ್. ಆನಾ ಲಿಂಡ್‌ಕ್ವಿಸ್ಟ್."

ಲೊರೇನ್ ಕೈಚಾಚಿ ಆ ಸಾಲುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು.

"ನಾಲ್ಕು," ಎಂದರು. "ಅಜ್ಜಿ ಸರಿಯಾಗಿಯೇ ಎಣಿಸಿದ್ದಳು."